ಹೆಸರಿಲ್ಲದ ವೈಸು

ನನ್ನ ಬಲಗಾಲಿನ ಹೆಬ್ಬೆರಳಿನ ಉಗುರು ನೇರವಾಗಿ ಬೆಳೆಯುವುದಿಲ್ಲ. ಅರ್ಧ ದಾರಿ ಬಂದು, ಮನೆಯಲ್ಲಿ ಏನನ್ನೋ ಮರೆತು ಬಂದವರ ಹಾಗೆ ಎಡಕ್ಕೆ ಹೊರಳಿಬಿಡುತ್ತದೆ. ಭಾನುವಾರ ಬೆಳಿಗ್ಗೆ ಬಿಸಿಲಿಗೆ ಕುಳಿತು ಅದನ್ನು ಕತ್ತರಿಸುವಾಗಲೆಲ್ಲ ನನಗೆ ಲೋವರ್ ಹಟ್‌ನಲ್ಲಿದ್ದ ನಮ್ಮ ಹಳೆಯ ಮನೆಯ ಗ್ಯಾರೇಜು ನೆನಪಾಗುತ್ತದೆ. ಆ ಉಗುರಿನ ಮೇಲೆ ಬಿದ್ದದ್ದು ಒಂದು ವೈಸು. ಬಿತ್ತು ಅನ್ನುವುದು ಅದರ ಮೇಲೆ ಅಪವಾದ ಹೊರಿಸಿದ ಹಾಗೆ. ನಾನೇ ಅದನ್ನು ಎದೆಮಟ್ಟ ಎತ್ತಿ, ತಳದಲ್ಲಿ ಏನಾದರೂ ಅಕ್ಷರ ಇದೆಯೇ ಎಂದು ಬಗ್ಗಿ ನೋಡುತ್ತಾ, ಅಕ್ಷರ ಕಂಡ ಸಂತೋಷಕ್ಕೆ ಕೈಬಿಟ್ಟೆ. ಅಲ್ಲಿದ್ದದ್ದು 'ಮೇಡ್ ಇನ್' ಎಂದಷ್ಟೇ. ಎಲ್ಲಿ ಎಂಬುದನ್ನು ತುಕ್ಕು ತಿಂದಿತ್ತು.

ವೈಸು ಎಂಬ ಹೆಸರು ನಿಮಗೆ ಗೊತ್ತಿಲ್ಲದಿದ್ದರೂ ವಸ್ತುವನ್ನು ನೋಡಿಯೇ ಇರುತ್ತೀರಿ. ಸೈಕಲ್ ಶಾಪಿನಲ್ಲಿ, ಬೀಗದ ಕೈ ಮಾಡುವವನ ಅಂಗಡಿಯಲ್ಲಿ, ಮೇಜಿಗೆ ಬೋಲ್ಟ್ ಹಾಕಿ ಕೂರಿಸಿರುತ್ತಾರೆ. ಉದ್ದನೆಯ ಹಿಡಿಯನ್ನು ತಿರುಗಿಸಿದರೆ ಎರಡು ಕಬ್ಬಿಣದ ದವಡೆಗಳು ಹತ್ತಿರ ಬಂದು, ನಡುವೆ ಇಟ್ಟದ್ದನ್ನು ಕಚ್ಚಿ ಹಿಡಿಯುತ್ತವೆ. ಹಿಡಿದದ್ದನ್ನು ನೀವು ಉಜ್ಜಬಹುದು, ಕೊಯ್ಯಬಹುದು, ಬಗ್ಗಿಸಬಹುದು. ಇಷ್ಟೇ ಅದರ ಕೆಲಸ. ನಾನು ಅವನ್ನು ಒಟ್ಟು ಹಾಕುತ್ತಿದ್ದೆ. ಒಂದರಿಂದಲೂ ಏನನ್ನೂ ಹಿಡಿಯುತ್ತಿರಲಿಲ್ಲ.

ನಾನು ಎಂಜಿನಿಯರು. ಭೂಕಂಪವಾದರೆ ಕಟ್ಟಡ ಎಷ್ಟು ತೂಗಾಡಬಹುದು, ಎಲ್ಲಿ ಎಷ್ಟು ದಪ್ಪದ ಬೋಲ್ಟ್ ಇರಬೇಕು ಎಂದು ಲೆಕ್ಕ ಹಾಕಿಕೊಡುವುದು ನನ್ನ ಕೆಲಸ. ಲೋವರ್ ಹಟ್‌ನಿಂದ ರೈಲು ಹತ್ತಿ ವೆಲಿಂಗ್ಟನ್ನಿಗೆ ಹೋಗಿ, ದಿನವಿಡೀ ಬೋಲ್ಟುಗಳ ಬಗ್ಗೆ ಅಧಿಕಾರದಿಂದ ಮಾತಾಡಿ ಸಂಜೆ ಮನೆಗೆ ಬರುತ್ತಿದ್ದೆ. ಬೋಲ್ಟನ್ನು ಬಿಗಿಯಲು ಮಾತ್ರ ನನಗೆ ಬರುವುದಿಲ್ಲ. ಮೈಸೂರಿನಲ್ಲಿ ನಾನು ಬೆಳೆದ ಮನೆ ಅಂಥದ್ದು. ಮೊಳೆ ಹೊಡೆಯಲು ಕುಟ್ಟಾಣಿ, ಸ್ಕ್ರೂ ಬಿಚ್ಚಲು ತರಕಾರಿ ಹೆಚ್ಚುವ ಚಾಕು, ಮಿಕ್ಕಿದ್ದಕ್ಕೆಲ್ಲ ಪಕ್ಕದ ಮನೆಯ ಗುಂಡಣ್ಣ. ನಮ್ಮ ತಂದೆಗೆ ಸುತ್ತಿಗೆ ಕೊಳ್ಳುವುದು ಒಂದು ಬಗೆಯ ದುಂದುವೆಚ್ಚವಾಗಿ ಕಾಣುತ್ತಿತ್ತು. ಗುಂಡಣ್ಣ ಇರುವಾಗ ಸುತ್ತಿಗೆ ಯಾಕೆ ಎಂಬುದು ಅವರ ತರ್ಕ.

ಕಾಲೇಜಿನ ಮೊದಲ ವರ್ಷದಲ್ಲಿ ಫಿಟ್ಟಿಂಗ್ ಲ್ಯಾಬ್ ಎಂಬುದೊಂದು ಇತ್ತು. ಕೊಟ್ಟ ಕಬ್ಬಿಣದ ತುಂಡನ್ನು ವೈಸಿನಲ್ಲಿ ಕಚ್ಚಿಸಿ, ಅರದಿಂದ ಉಜ್ಜಿ, ನಾಲ್ಕೂ ಮೂಲೆ ನೇರ ಮಾಡಬೇಕು. ನಾನು ಒಂದು ಬದಿ ನೇರ ಮಾಡುವಷ್ಟರಲ್ಲಿ ಇನ್ನೊಂದು ಬದಿ ಓರೆಯಾಗುತ್ತಿತ್ತು. ಅದನ್ನು ಸರಿಪಡಿಸಿದರೆ ಮೊದಲನೆಯದು ಕೆಡುತ್ತಿತ್ತು. ಹೀಗೆ ನ್ಯಾಯವಾಗಿ ಎಲ್ಲ ಬದಿಗೂ ಹಂಚಿ ಉಜ್ಜಿ ಉಜ್ಜಿ, ವರ್ಷದ ಕೊನೆಗೆ ಮೇಷ್ಟರ ಕೈಗೆ ಕೊಟ್ಟಾಗ ಅವರು ಅದನ್ನು ಅಂಗೈಯಲ್ಲಿಟ್ಟು ಬೆಳಕಿಗೆ ಹಿಡಿದು ನೋಡಿದರು.

"ಇದೇನಪ್ಪ, ತುಂಡೋ ಬ್ಲೇಡೋ?"

"ತುಂಡು ಸಾರ್. ಉಜ್ಜಿದೆ."

"ಉಜ್ಜಿದ್ದೀಯ ಬಿಡು. ಇನ್ನೊಂದು ವಾರ ಬಿಟ್ಟಿದ್ರೆ ತುಂಡೇ ಇರ್ತಿರ್ಲಿಲ್ಲ, ಬರೀ ಅಟೆಂಡೆನ್ಸ್ ಕೊಡ್ತಿದ್ದೆ."

ಇಂಥವನು ವೈಸುಗಳ ಬೆನ್ನು ಹತ್ತಿದ್ದು ಹೇಗೆ ಎಂದರೆ, ಎರಡು ಸಾವಿರದ ಆಚೀಚೆ ನಾವು ಕೊಂಡ ಆ ಮನೆಯ ಗ್ಯಾರೇಜಿನಲ್ಲಿ ಹಳೆಯ ಮರದ ಬೆಂಚೊಂದು ಇತ್ತು. ಅದರ ಒಂದು ಮೂಲೆಯಲ್ಲಿ ನಾಲ್ಕು ತೂತು, ನಡುವೆ ಎಣ್ಣೆಕಲೆ ಇಲ್ಲದ ಬೆಳ್ಳನೆಯ ಚೌಕ. ಹಿಂದಿನ ಮನೆಯವರು ವೈಸನ್ನು ಬಿಚ್ಚಿಕೊಂಡು ಹೋಗಿದ್ದರು. ಗೋಡೆಯಿಂದ ಫೋಟೋ ತೆಗೆದರೆ ಉಳಿಯುವ ಗುರುತಿನಂತೆ ಅದು ನನ್ನನ್ನು ಕಾಡಿತು. ಒಂದು ಶನಿವಾರ ಯಾರದೋ ಗ್ಯಾರೇಜ್ ಸೇಲಿನಲ್ಲಿ ಹಳೆಯ ವೈಸು ಸಿಕ್ಕಿತು. ತಂದು ಇಟ್ಟೆ. ಅದರ ತೂತುಗಳಿಗೂ ಬೆಂಚಿನ ತೂತುಗಳಿಗೂ ತಾಳೆಯಾಗಲಿಲ್ಲ. ಬೇರೆ ತೂತು ಕೊರೆಯಬಹುದಿತ್ತು, ಆದರೆ ಕೊರೆಯುವವರು ಯಾರು? ಹಾಗಾಗಿ ಬೇರೆ ವೈಸು ಹುಡುಕಿದೆ. ಅದೂ ತಾಳೆಯಾಗಲಿಲ್ಲ. ಹೀಗೆ ಹನ್ನೆರಡು ಆದ ಮೇಲೆ ನಾನು ಸಂಗ್ರಹಕಾರ ಎನ್ನಿಸಿಕೊಂಡೆ. ಬೆಂಚಿನ ಮೇಲಿನ ಚೌಕ ಹಾಗೇ ಖಾಲಿ ಇತ್ತು.

ನನ್ನ ಹೆಂಡತಿ ಶೈಲಾ ಧಾರವಾಡದವಳು. ಸ್ಪಷ್ಟವಾಗಿ ಮಾತಾಡುವುದು ಅವಳ ಊರಿನ ಗುಣ.

"ಮತ್ತೊಂದು ತಂದ್ರೇನು?" ಎಂದು ಕಾರಿನ ಡಿಕ್ಕಿ ಕಡೆ ನೋಡುತ್ತಿದ್ದಳು.

"ಇದು ಹಳೇದು ಕಣೇ. ದವಡೆ ಜಾರೋ ಈ ಕಂಬಿ ನೋಡು, ಚೌಕಾಗಿದೆ. ದುಂಡಗಿಲ್ಲ."

"ನಾ ದುಂಡಂದ್ನೇನು, ಚೌಕಂದ್ನೇನು? ಕಾರು ಎಲ್ಲಿ ನಿಂದರಸೂದು ಅಂತ ಕೇಳಾಕತ್ತೇನಿ."

ಕಾರು ಮಳೆಯಲ್ಲಿ ನಿಲ್ಲತೊಡಗಿತು. ವೈಸುಗಳು ಒಳಗೆ ಬೆಚ್ಚಗಿದ್ದವು.

ಇದರಲ್ಲಿ ನಿಜವಾದ ಅಮಲು ಇದ್ದದ್ದು ಕೊಳ್ಳುವುದರಲ್ಲಿ ಅಲ್ಲ, ಗುರುತಿಸುವುದರಲ್ಲಿ. ಹಳೆಯ ವೈಸಿನ ಮೈಮೇಲೆ ಎರಕ ಹೊಯ್ಯುವಾಗಲೇ ಮೂಡಿದ ಅಕ್ಷರ ಇರುತ್ತದೆ, ಆದರೆ ಅದರ ಮೇಲೆ ಹತ್ತಾರು ವರ್ಷದ ಬಣ್ಣ, ಗ್ರೀಸು, ತುಕ್ಕು. ಅದನ್ನು ಓದಿ ಯಾವ ದೇಶದ್ದು, ಯಾವ ಕಾಲದ್ದು ಎಂದು ಹೇಳಬೇಕು. ಜಗತ್ತಿನಲ್ಲಿ ಇದನ್ನೇ ಮಾಡುವ ಜನ ಇದ್ದಾರೆಂದು ಇಂಟರ್‌ನೆಟ್ಟು ನನಗೆ ತಿಳಿಸಿತು. ಅವರದೊಂದು ಚರ್ಚಾಕೂಟಕ್ಕೆ ಸೇರಿಕೊಂಡೆ. ಅಲ್ಲಿಯವರು ಮಾಸಿದ ಅಕ್ಷರಗಳಿಗೆ ಟಾಲ್ಕಂ ಪೌಡರ್ ಉಜ್ಜುತ್ತಿದ್ದರು. ನಾನು ಅಕ್ಕಿ ಹಿಟ್ಟು ಉಜ್ಜಿದೆ. ಅದು ಪೌಡರಿಗಿಂತ ಚೆನ್ನಾಗಿ ಅಕ್ಷರದ ಸಂದಿಗೆ ಕೂರುತ್ತದೆ. ಈ ವಿದ್ಯೆಗೆ ನಾನು ಕೊಟ್ಟ ಕಾಣಿಕೆ ಅದೊಂದೇ. ಶೈಲಾ ಅಡುಗೆಮನೆಯಿಂದ, "ಡಬ್ಬಿಯೊಳಗಿನ ಹಿಟ್ಟು ಎಲ್ಲಿ ಹೋತ್ರೀ?" ಎಂದು ಕೂಗುವಾಗ ನಾನು ಗ್ಯಾರೇಜಿನಲ್ಲಿ ಉಸಿರು ಬಿಗಿಹಿಡಿದು ಕೂತಿರುತ್ತಿದ್ದೆ.

ಆ ವರ್ಷದ ಆಯುಧಪೂಜೆ ನಮ್ಮ ಮನೆಯಲ್ಲೇ ಆಯಿತು. ಲೋವರ್ ಹಟ್‌ನ ಕಣಿವೆಯಲ್ಲಿದ್ದ ಕನ್ನಡದ ಮನೆಗಳವರು ಕಾರು ತೊಳೆದುಕೊಂಡು ಬಂದರು. ವೈಸುಗಳನ್ನೂ ಪೂಜೆಗೆ ಇಡೋಣ ಎಂದು ಶೈಲಾಗೆ ಹೇಳಿದೆ. "ಆತು, ಇಡ್ರಿ. ನಿಮ್ಮ ಕೈಲೆ ಅಂತೂ ಆಗಲಿಲ್ಲ. ದೇವರಾದ್ರೂ ಅವನ್ನ ಉಪಯೋಗಕ್ಕ ಹಚ್ಚಲಿ," ಎಂದಳು. ನಾನು ಬೆಂಚಿನ ಮೇಲೆ ಸಾಲಾಗಿ ಜೋಡಿಸಿ, ಪ್ರತಿಯೊಂದಕ್ಕೂ ಕುಂಕುಮ ಹಚ್ಚಿ, ಸೇವಂತಿಗೆ ಸಿಗದೆ ಡ್ಯಾಫೊಡಿಲ್ ಇಟ್ಟೆ.

ಪೂಜೆಗೆ ಪಕ್ಕದ ಮನೆಯ ಜಾಯ್ಸ್ ಅವರನ್ನೂ ಕರೆದಿದ್ದೆವು. ಎಂಬತ್ತರ ಹತ್ತಿರದ ಹೆಂಗಸು, ತೆಳ್ಳಗೆ, ನೆಟ್ಟಗೆ. ಗಂಡ ಕೀತ್ ಹೋಗಿ ಒಂದೆರಡು ವರ್ಷವಾಗಿತ್ತು. ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದರು, ನಿಂಬೆಹಣ್ಣನ್ನು ಚೀಲಗಟ್ಟಲೆ ನಮ್ಮ ಬಾಗಿಲಲ್ಲಿಟ್ಟು ಹೋಗುತ್ತಿದ್ದರು. ಅವರು ಮಾತಾಡಿದ್ದೆಲ್ಲ ಇಂಗ್ಲಿಷಿನಲ್ಲೇ. ನನಗೆ ನೆನಪಾಗುವಾಗ ಮಾತ್ರ ಅದು ಯಾಕೋ ಮೈಸೂರಿನ ನಮ್ಮ ಬೀದಿಯ ಕನ್ನಡದಲ್ಲೇ ಕೇಳಿಸುತ್ತದೆ. ಅವರು ಚಿತ್ರಾನ್ನದ ತಟ್ಟೆ ಹಿಡಿದುಕೊಂಡು ಬೆಂಚಿನ ಮುಂದೆ ನಿಂತು, ಹೂ ಮುಡಿದ ವೈಸುಗಳನ್ನು ಒಂದೊಂದಾಗಿ ನೋಡಿದರು.

"ಇವು ನಿಮ್ಮ ದೇವರಾ?"

"ಅಲ್ಲ. ನಮ್ಮ ಸಲಕರಣೆಗಳು. ವರ್ಷಕ್ಕೊಂದು ದಿನ ಅವಕ್ಕೆ ಪೂಜೆ."

"ಇವುಗಳಿಂದ ಏನು ಮಾಡ್ತೀಯ ರಾಘು?"

ಬಾಗಿಲಲ್ಲಿ ನಿಂತಿದ್ದ ನನ್ನ ಮಗಳು, "ನಥಿಂಗ್," ಎಂದು ನನ್ನ ಪರವಾಗಿ ಹೇಳಿದಳು.

ಜಾಯ್ಸ್ ನಕ್ಕರು. "ಕೀತ್‌ದೂ ಒಂದಿದೆ, ಶೆಡ್ಡಲ್ಲಿ. ಪಾಪ, ಅದಕ್ಕೆ ಯಾರೂ ಹೂ ಇಟ್ಟಿಲ್ಲ."

ಬಂದವರ ಊಟ ಮುಗಿಯುವ ಮೊದಲೇ ನಾನು ಕುಂಕುಮದ ಬಟ್ಟಲು ಹಿಡಿದುಕೊಂಡು ಅವರ ಶೆಡ್ಡಿನಲ್ಲಿದ್ದೆ.

ಒಳ್ಳೆಯ ಶೆಡ್ಡು. ಮೊಳೆ, ಸ್ಕ್ರೂ ತುಂಬಿದ ಜಾಮಿನ ಬಾಟಲಿಗಳು ಹಲಗೆಯ ಅಡಿಗೆ ಮುಚ್ಚಳ ಬಿಗಿಸಿಕೊಂಡು ತೂಗುತ್ತಿದ್ದವು. ಕಿಟಕಿಯ ಕೆಳಗೆ ಬೆಂಚು, ಬೆಂಚಿನ ಮೇಲೆ ವೈಸು. ದೊಡ್ಡದು, ಕಪ್ಪಗೆ, ಗಂಭೀರವಾಗಿ ಕೂತಿತ್ತು. ನಾನು ಕುಂಕುಮ ಹಚ್ಚಿ ಕೈಮುಗಿದು, ತಡೆಯಲಾರದೆ ಮುಂದಕ್ಕೆ ಬಗ್ಗಿ ಹೆಸರು ಹುಡುಕಿದೆ. ಹೆಸರಿರಲಿಲ್ಲ. ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ, ಕೆಳಗೆ ಕೈಹಾಕಿ ತಡವಿದೆ. ಅಕ್ಷರವಿಲ್ಲ, ಅಂಕಿಯಿಲ್ಲ, ಊರಿಲ್ಲ. ನನ್ನ ಮೈ ಜುಮ್ಮೆಂದಿತು.

"ಇದು ಯಾವುದು ಅಂತ ನಾನು ಕಂಡುಹಿಡಿದು ಹೇಳ್ತೀನಿ," ಎಂದು ಜಾಯ್ಸ್‌ಗೆ ಮಾತು ಕೊಟ್ಟೆ. ಅವರು ಏನೋ ಹೇಳಲು ಬಾಯಿ ತೆರೆದರು. ನಾನು ಆಗಲೇ ಟಾರ್ಚ್ ತರಲು ಓಡಿದ್ದೆ.

ಅಲ್ಲಿಂದ ಬೇಸಿಗೆ ಮುಗಿಯುವವರೆಗೆ, ಅಂದರೆ ಅಲ್ಲಿಯ ಲೆಕ್ಕದಲ್ಲಿ ಫೆಬ್ರವರಿಯವರೆಗೆ, ನಾನು ಆ ಶೆಡ್ಡಿನಲ್ಲೇ ಇದ್ದೆ ಎನ್ನಬಹುದು. ರೈಲು ಇಳಿದು, ಮನೆಗೆ ಬ್ಯಾಗ್ ಎಸೆದು, ಅಲ್ಲಿಗೆ. ಹಿಟ್ಟು ಉಜ್ಜಿದೆ. ಜಾಯ್ಸ್ ಅನುಮತಿ ಪಡೆದು ಮೂಲೆಯಲ್ಲಿ ಸ್ವಲ್ಪ ಬಣ್ಣ ಕೆರೆದೆ. ಮಟ್ಟಗೋಲು ಇಟ್ಟೆ, ದವಡೆಯ ಅಗಲ, ತಿರುಪಿನ ಸುತ್ತು, ಬೆಂಚಿನ ಅಂಚಿಗೂ ವೈಸಿನ ಬೆನ್ನಿಗೂ ಇರುವ ಅಂತರ ಎಲ್ಲವನ್ನೂ ಅಳೆದೆ. ಕೆಲಸ ಮಾಡುವಾಗ ಹಳೆಯ ಹಾಡು ಗುನುಗುವುದು ನನಗೆ ಅಭ್ಯಾಸ, ಅಳೆಯುವುದನ್ನೂ ಕೆಲಸ ಎಂದು ಲೆಕ್ಕ ಹಿಡಿದರೆ. ನಡುವೆ ಜಾಯ್ಸ್ ಟ್ರೇಯಲ್ಲಿ ಟೀ, ಶುಂಠಿ ಬಿಸ್ಕತ್ತು ತಂದು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂರುತ್ತಿದ್ದರು. ತಮ್ಮ ಮಗಳು ಲಿಂಡಾ ಹ್ಯಾಮಿಲ್ಟನ್ನಿನ ಆಚೆ ರೊಟೊಟೂನದಲ್ಲಿ ಹೊಸ ಮನೆ ಕಟ್ಟಿಸಿದ್ದು, ತನ್ನ ಜೊತೆ ಬಂದಿರು ಎಂದು ಅವಳು ಕಾಟ ಕೊಡುವುದು, ಇದೆಲ್ಲ ಹೇಳುತ್ತಿದ್ದರು. ನಾನು ಹೂಂ ಹೂಂ ಎನ್ನುತ್ತಾ ತಿರುಪಿನ ಸುತ್ತು ಎಣಿಸುತ್ತಿದ್ದೆ.

ಫೋಟೋಗಳನ್ನು ಚರ್ಚಾಕೂಟಕ್ಕೆ ಹಾಕಿದೆ. ಅಮೆರಿಕದವನೊಬ್ಬ ಇದು ಖಂಡಿತ ಇಂಗ್ಲಿಷ್ ವೈಸು ಎಂದ. ಇಂಗ್ಲೆಂಡಿನವನೊಬ್ಬ ಇಷ್ಟು ಒರಟಾದದ್ದು ಅಮೆರಿಕದ್ದೇ ಎಂದ. ಅವರು ಜಗಳವಾಡುತ್ತಿದ್ದಾಗ ನಾನು ಯೋಚಿಸಿ ಯೋಚಿಸಿ ಒಂದು ತೀರ್ಮಾನಕ್ಕೆ ಬಂದೆ. ಇದು ಇಂಗ್ಲೆಂಡಿನ ಯಾವುದೋ ಹಳೆಯ ಕಾರ್ಖಾನೆ ಹೆಸರು ಹಾಕುವ ಮೊದಲು ಪರೀಕ್ಷೆಗೆಂದು ಮಾಡಿದ ಮಾದರಿ, ಹಡಗಿನಲ್ಲಿ ಹೇಗೋ ಇಲ್ಲಿಗೆ ಬಂದಿದೆ, ಜಗತ್ತಿನಲ್ಲಿ ಇನ್ನೊಂದಿಲ್ಲ. ಇದನ್ನು ಉದ್ದನೆಯ ಲೇಖನವಾಗಿ ಬರೆದು ಕೂಟಕ್ಕೆ ಹಾಕಿದೆ. ಆಧಾರ ಇರಲಿಲ್ಲ, ಆದರೆ ಶೈಲಿ ಚೆನ್ನಾಗಿತ್ತು. ಮನಸ್ಸಿನ ಮೂಲೆಯಲ್ಲಿ ಇನ್ನೂ ಒಂದು ಆಸೆ ಇತ್ತೆಂದು ಮುಚ್ಚಿಡುವುದೇಕೆ? ಜಾಯ್ಸ್ ಮಗಳ ಮನೆಗೆ ಹೊರಡುವಾಗ ಇಷ್ಟು ಭಾರದ್ದನ್ನು ಒಯ್ಯಲಾರರು. ಆಗ ಅದು ಬೇಲಿ ದಾಟಿ ನನ್ನ ಕಡೆಗೇ ಬರಬೇಕು.

ಲೇಖನ ಓದಿ ಆಕ್ಲೆಂಡಿನಿಂದ ರಾಸ್ ಎಂಬುವನು ಬರೆದ. ಅವನೂ ವೈಸು ಸಂಗ್ರಹಿಸುವವನು, ವೃತ್ತಿಯಿಂದ ಹಲ್ಲಿನ ಡಾಕ್ಟರು. ದಕ್ಷಿಣ ದ್ವೀಪಕ್ಕೆ ಹೋಗಲು ವೆಲಿಂಗ್ಟನ್ನಿನಲ್ಲಿ ಫೆರಿ ಹಿಡಿಯುವುದಿದೆ, ದಾರಿಯಲ್ಲಿ ನೋಡಿ ಹೋಗುತ್ತೇನೆ ಎಂದ. ಒಂದು ಶನಿವಾರ ಮಧ್ಯಾಹ್ನ ಬಂದ. ಜಾಯ್ಸ್ ಚರ್ಚಿಗೆ ಹೋಗಿದ್ದರು, ಶೆಡ್ಡಿನ ಬೀಗದ ಕೈ ನನ್ನ ಹತ್ತಿರವೇ ಇತ್ತು.

ರಾಸ್ ವೈಸಿನ ಮುಂದೆ ಮೊಣಕಾಲೂರಿ ಕೂತು, "ತೆಗೀರಿ," ಎಂದ. ನಾನು ಹಿಡಿ ತಿರುಗಿಸಿ ದವಡೆ ತೆರೆದೆ. "ಇನ್ನೂ ಸ್ವಲ್ಪ ದೊಡ್ಡದಾಗಿ." ಇನ್ನೂ ತೆರೆದೆ. ಅವನು ಜೇಬಿನಿಂದ ತನ್ನ ಕಸುಬಿನ ಪುಟ್ಟ ಕನ್ನಡಿ ತೆಗೆದು ದವಡೆಯ ಹಿಂಭಾಗಕ್ಕೆ ಹಿಡಿದು, ಬಹಳ ಹೊತ್ತು ಒಳಗೆ ನೋಡಿದ. ನನಗೆ ನನ್ನದೇ ಹಲ್ಲು ನೋಡುತ್ತಿದ್ದಾನೆ ಎನಿಸಿ ನಾಲಿಗೆ ಹಿಂದಕ್ಕೆ ಹೋಯಿತು. ಕೊನೆಗೆ ಅವನು ಎದ್ದು ಪ್ಯಾಂಟು ಕೊಡವಿಕೊಂಡು ಒಂದೇ ಮಾತು ಹೇಳಿದ.

"ಫಾರಿನರ್."

ಶೆಡ್ಡಿನಲ್ಲಿದ್ದದ್ದು ನಾವಿಬ್ಬರು. ಅವನು ಇಲ್ಲೇ ಹುಟ್ಟಿ ಬೆಳೆದವನೆಂದು ಅವನೇ ಹೇಳಿದ್ದ. ಲೇಖನದಲ್ಲಿ ತಪ್ಪಿದ್ದರೆ ತಪ್ಪು ಎನ್ನಲಿ, ಇದೇನು ಮಾತು?

"ನೋಡಿ," ಎಂದೆ, ಧ್ವನಿ ಗಟ್ಟಿಯಾಗದಂತೆ ಹಿಡಿದುಕೊಂಡು. "ನಾನು ಬಂದು ಬಹಳ ವರ್ಷ ಆಯ್ತು. ಇಲ್ಲಿಯ ಪಾಸ್‌ಪೋರ್ಟೇ ಇರೋದು. ತೆರಿಗೆ ಕಟ್ತೀನಿ. ರಗ್ಬಿ ನೋಡ್ತೀನಿ, ಅರ್ಥ ಆಗದಿದ್ದರೂ ಕೂತು ನೋಡ್ತೀನಿ. ಒಂದು ವೈಸು ಗುರುತು ಹಿಡಿಯೋಕೆ ಇಲ್ಲೇ ಹುಟ್ಟಿರಬೇಕು ಅಂತ ನಿಯಮ ಏನೂ ಇಲ್ಲವಲ್ಲ."

ರಾಸ್ ನನ್ನನ್ನು ನೋಡಿದ. ಆಮೇಲೆ ವೈಸನ್ನು ನೋಡಿದ. ಅವನ ಕಿವಿ ನಿಧಾನವಾಗಿ ಕೆಂಪಾಯಿತು.

"ಮೇಟ್," ಎಂದ, "ನಾನು ಹೇಳಿದ್ದು ವೈಸಿಗೆ."

ಅವನು ತಡವರಿಸುತ್ತಾ ವಿವರಿಸಿದ. ಇಲ್ಲಿಯ ಹಳೆಯ ವರ್ಕ್‌ಶಾಪುಗಳಲ್ಲಿ ಆ ಮಾತಿಗೆ ಬೇರೆಯೇ ಅರ್ಥವಂತೆ. ಕೆಲಸಗಾರ ಕಂಪನಿಯ ಹೊತ್ತಿನಲ್ಲಿ, ಕಂಪನಿಯ ಕಬ್ಬಿಣದಲ್ಲಿ, ಕಂಪನಿಯ ಯಂತ್ರದ ಮೇಲೆ, ತನ್ನ ಮನೆಗೆಂದು ಗುಟ್ಟಾಗಿ ಮಾಡಿಕೊಂಡ ವಸ್ತುವಿಗೆ ಫಾರಿನರ್ ಎನ್ನುತ್ತಿದ್ದರಂತೆ. ಈ ವೈಸಿಗೆ ಹೆಸರಿಲ್ಲದ್ದು ಅದಕ್ಕೇ. ಯಾವ ಕಾರ್ಖಾನೆಯೂ ಇದನ್ನು ಮಾರಲೆಂದು ಮಾಡಿಲ್ಲ. ಯಾರೋ ಒಬ್ಬ ತನಗಾಗಿ ಮಾಡಿಕೊಂಡು, ಕಾವಲಿನವನ ಕಣ್ಣು ತಪ್ಪಿಸಿ ಗೇಟಿನಿಂದ ಹೊರಗೆ ತಂದಿದ್ದಾನೆ. "ಒಳಗಡೆ ಕೈಯಿಂದ ಉಜ್ಜಿರೋ ಗುರುತು ಇದೆ, ಕನ್ನಡೀಲಿ ನೋಡಿ. ಬಹಳ ಒಳ್ಳೇ ಕೈ."

ನನ್ನ ಕಿವಿಯೂ ಕೆಂಪಾಗಿದ್ದಿರಬೇಕು. ನನ್ನ ಬಣ್ಣ ಕಾಪಾಡಿತು. ಅವನಿಗೆ ಟೀ ಮಾಡಿಕೊಟ್ಟೆ. ಶೈಲಾ ಮಾಡಿದ್ದ ಚಕ್ಕುಲಿಯನ್ನು ಪೊಟ್ಟಣ ಕಟ್ಟಿ ಫೆರಿಗೆ ಕಳಿಸಿದೆ. ಅವನು ಬಾಗಿಲು ದಾಟಿದ ಕೂಡಲೇ ಕಂಪ್ಯೂಟರಿನ ಮುಂದೆ ಕೂತು ನನ್ನ ಲೇಖನವನ್ನು ಅಳಿಸಿದೆ. ಅಷ್ಟರಲ್ಲಿ ಕೆನಡಾದವನೊಬ್ಬ ಅದನ್ನು ಮೆಚ್ಚಿ ಬೇರೊಂದು ಕಡೆ ಹಾಕಿಯಾಗಿತ್ತು. ಇವತ್ತಿಗೂ ಅದು ಎಲ್ಲೋ ಓಡಾಡಿಕೊಂಡಿದೆ.

ಆದರೆ ದೊಡ್ಡ ಕಷ್ಟ ಇನ್ನೂ ಮುಂದಿತ್ತು. ಕೀತ್ ಪೆಟೋನಿ ಕಡೆಯ ಒಂದು ಎಂಜಿನಿಯರಿಂಗ್ ವರ್ಕ್‌ಶಾಪಿನಲ್ಲಿ ಫಿಟರ್ ಆಗಿದ್ದವರು. ಅದು ಮುಚ್ಚಿ ಎಷ್ಟೋ ಕಾಲವಾಗಿತ್ತು. ಕಂಡುಹಿಡಿದು ಹೇಳುತ್ತೇನೆ ಎಂದು ನಾನು ಮಾತು ಕೊಟ್ಟಿದ್ದೆ. ಕಂಡುಹಿಡಿದದ್ದು ಇದು. ಚರ್ಚಿನಲ್ಲಿ ಆರ್ಗನ್ ನುಡಿಸುವ ಹೆಂಗಸಿಗೆ ನಿಮ್ಮ ಯಜಮಾನರು ಇದನ್ನು ಕದ್ದು ತಂದದ್ದು ಎಂದು ಹೇಳುವುದು ಹೇಗೆ?

"ಹೇಳಬ್ಯಾಡ್ರಿ," ಎಂದಳು ಶೈಲಾ. "ಗೊತ್ತಾಗಲಿಲ್ಲ ಅಂದುಬಿಡ್ರಿ. ನಿಮಗ ಗೊತ್ತಾಗಲಿಲ್ಲ ಅಂದ್ರ ಯಾರರೆ ನಂಬತಾರ."

ಅದು ನನ್ನ ಸ್ವಾಭಿಮಾನಕ್ಕೆ ತಾಗಿತು. ಅದರ ಜೊತೆಗೆ, ಇಷ್ಟು ದಿನ ಬಿಸ್ಕತ್ತು ತಿಂದು ಸುಳ್ಳು ಹೇಳುವುದಕ್ಕೂ ಮನಸ್ಸು ಬರಲಿಲ್ಲ. ಮರುದಿನ ಜಾಯ್ಸ್ ಟ್ರೇ ಹಿಡಿದು ಬಂದು ಸ್ಟೂಲಿನ ಮೇಲೆ ಕೂತಾಗ ನಾನು ದೂರದಿಂದ ಶುರುಮಾಡಿದೆ.

"ಕೀತ್ ಅವರಿಗೆ ವರ್ಕ್‌ಶಾಪು ಅಂದರೆ ಬಹಳ ಪ್ರೀತಿ ಇತ್ತು ಅನ್ಸುತ್ತೆ."

"ಇಲ್ಲಪ್ಪ. ದಿನಾ ಬೈಕೊಂಡೇ ಹೋಗ್ತಿದ್ದ."

"ಕೆಲಸದ ಮೇಲಾದರೂ ಪ್ರೀತಿ ಇತ್ತೇನೋ. ಅಂದರೆ, ಅಲ್ಲಿಯ ಕಬ್ಬಿಣದ ಮೇಲೆ. ಅದನ್ನ ಅಲ್ಲೇ ಬಿಟ್ಟು ಬರೋದಕ್ಕೆ ಆಗದಷ್ಟು…"

ಜಾಯ್ಸ್ ಕಪ್ಪನ್ನು ತಟ್ಟೆಯ ಮೇಲಿಟ್ಟರು.

"ರಾಘು, ಇದು ಕದ್ದದ್ದು ಅಂತ ಹೇಳೋಕೆ ಇಷ್ಟು ಸುತ್ತು ಬೇಕಾ? ಗೇಟಿಂದ ಆಚೆ ತಂದವಳು ನಾನೇ."

ನಾನು ಬಿಸ್ಕತ್ತನ್ನು ಟೀಯಲ್ಲಿ ಅದ್ದಿ ಹಿಡಿದಿದ್ದೆ. ಅದು ಕರಗಿ ಕಪ್ಪಿನ ತಳ ಸೇರಿತು.

ಜಾಯ್ಸ್ ಹೇಳಿದರು. ಮದುವೆಯಾದ ಹೊಸತು, ಕೈಯಲ್ಲಿ ಏನೂ ಇಲ್ಲದ ಕಾಲ. ಕೀತ್‌ಗೆ ವೈಸು ಬೇಕಿತ್ತು. ಊಟದ ಬಿಡುವಿನಲ್ಲಿ, ಮೇಸ್ತ್ರಿ ಆಚೆ ಹೋದಾಗ, ಸ್ವಲ್ಪ ಸ್ವಲ್ಪವಾಗಿ ಚಳಿಗಾಲವಿಡೀ ಮಾಡಿದ. ಅಚ್ಚಿನಲ್ಲಿ ಎರಕ ಹೊಯ್ದುಕೊಟ್ಟವನು ಒಬ್ಬ ಗೆಳೆಯ, ತಿರುಪು ಕೊರೆದುಕೊಟ್ಟವನು ಇನ್ನೊಬ್ಬ. ಸಣ್ಣ ಭಾಗಗಳು ಊಟದ ಡಬ್ಬಿಯಲ್ಲಿ ಬಂದವು. ತಿರುಪು ಪ್ಯಾಂಟಿನ ಕಾಲಿನೊಳಗೆ ಬಂತು, ಅವತ್ತು ಕಾಲು ಉಳುಕಿದೆ ಎಂದು ಕುಂಟುತ್ತಾ ಬಂದ. ಉಳಿದದ್ದು ದೊಡ್ಡ ಒಡಲು. ಅದನ್ನು ಹೇಗೆ ತರುವುದು? ಕೆಲಸಗಾರರ ಮಕ್ಕಳಿಗೆ ವರ್ಕ್‌ಶಾಪಿನೊಳಗೇ ಕ್ರಿಸ್‌ಮಸ್ ಪಾರ್ಟಿ ಇರುತ್ತಿತ್ತು. ಜಾಯ್ಸ್ ಕೈಗೂಸು ಲಿಂಡಾಳನ್ನು ದೊಡ್ಡ ಚಕ್ರದ ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ಹೋದರು. ವಾಪಸು ಬರುವಾಗ ಹಾಸಿಗೆಯ ಕೆಳಗೆ ವೈಸು, ಹಾಸಿಗೆಯ ಮೇಲೆ ಲಿಂಡಾ.

"ಗಾಡಿ ಹಳೇ ಬಾಗಿಲಿನ ಹಾಗೆ ಕಿರ್ರ್ ಅಂತಿತ್ತು. ಗೇಟಲ್ಲಿ ಒಂದು ಹೊಸ್ತಿಲು ಇತ್ತು, ಗಾಡಿ ಅಲ್ಲಿ ನಿಂತುಬಿಡ್ತು. ಕಾವಲಿನವನು ಬಂದ. ಬಂದವನು ಮುಂದಿನ ಚಕ್ರ ಹಿಡಿದು ಎತ್ತಿ ದಾಟಿಸಿದ. ಎತ್ತಿದ ಕೂಡಲೇ ಅವನಿಗೆ ಗೊತ್ತಾಯ್ತು, ಮುಖ ನೋಡಿದರೆ ತಿಳೀತಿತ್ತು. ಮಗೂನ್ನ ನೋಡಿ ಏನಂದ ಗೊತ್ತಾ? 'ಅಮ್ಮ, ಕೂಸು ಚೆನ್ನಾಗಿ ಮೈ ತುಂಬ್ಕೊಂಡಿದೆ.' ಅಷ್ಟೇ. ಹೋಗಿ ಅಂತ ಟೋಪಿ ಎತ್ತಿದ."

ನನ್ನ ಇಂಗ್ಲೆಂಡು, ನನ್ನ ಹಡಗು, ನನ್ನ ಜಗತ್ತಿನ ಏಕೈಕ ಮಾದರಿ ಎಲ್ಲ ಒಂದು ತಳ್ಳುಗಾಡಿಯಲ್ಲಿ ಕೂತು ಹೊರಟುಹೋದವು.

"ಇದನ್ನ ಮೊದಲೇ ಯಾಕೆ ಹೇಳಲಿಲ್ಲ ಜಾಯ್ಸ್?"

"ನೀನು ಕೇಳಲೇ ಇಲ್ಲ. ಕಂಡುಹಿಡೀತೀನಿ ಅಂದೆ, ಓಡಿಹೋದೆ."

"ಆಮೇಲಾದರೂ ಹೇಳಬಹುದಿತ್ತು."

ಅವರು ಸೀರೆಯ ನೆರಿಗೆ ಸರಿಮಾಡುವವರ ಹಾಗೆ ಸ್ಕರ್ಟಿನ ಮಡಿಕೆಯನ್ನು ನೇವರಿಸಿಕೊಂಡರು. "ಹೇಳೋಣ ಅಂತಲೇ ಎರಡು ಮೂರು ಸಲ ಟೀ ತಗೊಂಡು ಬಂದೆ. ಕೀತ್ ಹೋದ ಮೇಲೆ ಈ ಶೆಡ್ಡಿನ ಬಾಗಿಲು ತೆಗೆದಿದ್ದೇ ನೀನು. ಅಡುಗೆಮನೇಲಿ ಪಾತ್ರೆ ತೊಳೀವಾಗ ಇಲ್ಲಿ ಕಬ್ಬಿಣದ ಸದ್ದು ಕೇಳಿಸ್ತಿತ್ತು, ಯಾರೋ ಗುನುಗೋದು ಕೇಳಿಸ್ತಿತ್ತು. ಹೇಳಿಬಿಟ್ಟಿದ್ರೆ ಮಾರನೇ ದಿನ ನೀನು ಬರ್ತಿದ್ದೆಯಾ?"

ಬರುತ್ತಿದ್ದೆ ಎಂದು ಹೇಳಲು ಬಾಯಿ ತೆರೆದೆ. ಬರುತ್ತಿರಲಿಲ್ಲ. ಅದು ಅವರಿಗೂ ಗೊತ್ತಿತ್ತು.

"ನಿನ್ನ ಹಾಡು ಏನೂ ಚೆನ್ನಾಗಿಲ್ಲ," ಎಂದು ಅವರೇ ಮಾತು ಬದಲಿಸಿದರು. "ಶ್ರುತಿ ತಪ್ಪುತ್ತೆ. ಕೀತ್‌ದೂ ತಪ್ತಿತ್ತು."

ಚಳಿಗಾಲ ಬರುವ ಮೊದಲು ಜಾಯ್ಸ್ ಮನೆ ಮಾರಿದರು. ಲಿಂಡಾಳ ಮನೆಗೆ ಹೊರಟಾಗ ಸಾಮಾನು ಅರ್ಧಕ್ಕರ್ಧ ಹಂಚಿದರು. ನಿಂಬೆಗಿಡದ ಒಂದು ಕೊಂಬೆ, ಜಾಮಿನ ಬಾಟಲಿಗಳು, ಎರಡು ಕುರ್ಚಿ ನಮಗೆ ಬಂದವು. ನಾನು ವೈಸಿನ ಮಾತು ಬರಲಿ ಎಂದು ಕಾಯುತ್ತಿದ್ದೆ. ಕೈ ತೊಳೆದುಕೊಂಡು ಪಂಕ್ತಿಯಲ್ಲಿ ಕೂತವನ ಹಾಗೆ ಕಾಯುತ್ತಿದ್ದೆ ಎಂದು ಶೈಲಾ ಈಗಲೂ ಅಣಕಿಸುತ್ತಾಳೆ. ಕೊನೆಗೆ ಜಾಯ್ಸ್ ಬಂದು, "ರಾಘು, ವೈಸು ನನ್ನ ಜೊತೆ ಬರುತ್ತೆ. ಸಾಮಾನು ಸಾಗಿಸೋರು ಅದನ್ನ ಎಲ್ಲಿ ಎಸೀತಾರೋ ಗೊತ್ತಿಲ್ಲ. ನೀನೇ ತಂದುಕೊಡ್ತೀಯಾ?" ಎಂದರು.

ತರುತ್ತೇನೆ ಎಂದೆ. ಬೇಸರವಾಗಲಿಲ್ಲ ಎಂದರೆ ನೀವು ನಂಬುವುದಿಲ್ಲ, ಹಾಗಾಗಿ ಹೇಳುವುದಿಲ್ಲ.

ಈಸ್ಟರ್ ರಜೆಯಲ್ಲಿ ನಾನೂ ಶೈಲಾಳೂ ವೈಸನ್ನು ಕಂಬಳಿಯಲ್ಲಿ ಸುತ್ತಿ, ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿ ಕೂರಿಸಿಕೊಂಡು ಉತ್ತರಕ್ಕೆ ಹೊರಟೆವು. ಬುತ್ತಿ ತಿನ್ನಲು ಟೌಪೊ ಸರೋವರದ ಹತ್ತಿರ ನಿಲ್ಲಿಸಿದಾಗ ಶೈಲಾ ಹಿಂದೆ ತಿರುಗಿ, "ಇದು ಒಂದ ನೋಡ್ರಿ ನೀವು ಬೆನ್ನು ಹತ್ತಿದ್ದರಾಗ ಚಲೋ ಇದ್ದದ್ದು, ಅದೂ ನಿಮ್ಮದಲ್ಲ," ಎಂದಳು. ಅವಳ ಮಾತಿನಲ್ಲಿ ಕನಿಕರವಿತ್ತು. ನನ್ನ ಕೈಗೆ ಇನ್ನೊಂದು ಚಪಾತಿ ಇಟ್ಟಳು.

ರೊಟೊಟೂನದ ಬೀದಿಗಳೆಲ್ಲ ಹೊಸವು. ಗಿಡ ಇನ್ನೂ ಕೋಲಿಗೆ ಕಟ್ಟಿದ ಎಳೆಯವು. ಲಿಂಡಾಳ ಗ್ಯಾರೇಜಿನ ನೆಲಕ್ಕೆ ಕಾರ್ಪೆಟ್ ಹಾಕಿದ್ದರು. ಅವಳು ಐವತ್ತು ದಾಟಿದ ಹೆಂಗಸು, ಶಾಲೆಯ ಪ್ರಿನ್ಸಿಪಾಲ್, ಮಾತು ಕಟ್ಟುನಿಟ್ಟು. ಕಂಬಳಿ ಬಿಚ್ಚಿದಾಗ, "ಮಮ್, ಇದನ್ನ ತರೋದಕ್ಕೆ ಇವರನ್ನ ವೆಲಿಂಗ್ಟನ್‌ನಿಂದ ಕರೆಸಿದೆಯಾ? ಇದೇನು ಅಷ್ಟು ವಿಶೇಷ?" ಎಂದಳು.

"ನೀನು ಇದರ ಮೇಲೆ ಮಲಗಿದ್ದೆ," ಎಂದರು ಜಾಯ್ಸ್.

ಅವಳಿಗೆ ಆ ಕತೆ ಗೊತ್ತೇ ಇರಲಿಲ್ಲ. ಅಪ್ಪ ಅಮ್ಮ ಇಬ್ಬರೂ ಐವತ್ತು ವರ್ಷ ಬಾಯಿ ಬಿಟ್ಟಿರಲಿಲ್ಲ. ಮಗಳು ಶಿಸ್ತಿನವಳು, ಪೊಲೀಸಿಗೆ ಹೇಳಿಬಿಟ್ಟಾಳು ಎಂಬ ಭಯವಂತೆ. ಜಾಯ್ಸ್ ನಿಂತಲ್ಲೇ ಎಲ್ಲ ಹೇಳಿದರು, ಕುಂಟುತ್ತಾ ಬಂದದ್ದು, ಕಿರ್ರೆಂದದ್ದು, ಟೋಪಿ ಎತ್ತಿದ್ದು. ಲಿಂಡಾ ಮೊದಲು ಹುಬ್ಬು ಗಂಟಿಕ್ಕಿ ಕೇಳಿದಳು. ಆಮೇಲೆ ಕಾರ್ಪೆಟ್ಟಿನ ಮೇಲೆ ಹಾಗೇ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಕ್ಕು ಮುಗಿದ ಮೇಲೂ ಅಂಗೈಯನ್ನು ವೈಸಿನ ಬೆನ್ನಿನ ಮೇಲಿಂದ ತೆಗೆಯಲಿಲ್ಲ.

"ಇದನ್ನ ಕೂರಿಸಬೇಕು," ಎಂದಳು. "ಇವತ್ತೇ."

ಅವಳ ಗಂಡ ಅಂಗಡಿಗೆ ಹೋಗಿ ಹೊಸ ಬೆಂಚು ತಂದ, ಡ್ರಿಲ್ ತಂದ, ತಂದು ನನ್ನ ಕೈಗೆ ಕೊಟ್ಟ. ನಾನು ಎಂಜಿನಿಯರು, ಅದರ ಮೇಲೆ ವೈಸುಗಳ ಪಂಡಿತ ಎಂದು ಜಾಯ್ಸ್ ಮೊದಲೇ ಹೇಳಿಬಿಟ್ಟಿದ್ದರು. ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಪೆನ್ಸಿಲಿನಲ್ಲಿ ಗುರುತು ಹಾಕಿ, ಉಸಿರು ಹಿಡಿದು, ನಾಲ್ಕು ತೂತು ಕೊರೆದೆ. ಡ್ರಿಲ್ ಮೂರನೆಯ ತೂತಿನಲ್ಲಿ ಜಾರಿತು. ವೈಸನ್ನು ಎತ್ತಿಟ್ಟು ಬೋಲ್ಟ್ ಬಿಗಿದು ಎರಡು ಹೆಜ್ಜೆ ಹಿಂದೆ ಬಂದು ನೋಡಿದೆ. ಅದು ಬೆಂಚಿನ ಅಂಚಿಗೆ ನೇರವಾಗಿರಲಿಲ್ಲ. ಪಕ್ಕದ ಮನೆಯಲ್ಲಿ ಏನು ನಡೆಯುತ್ತಿದೆ ಎಂದು ಇಣುಕುವವರ ಹಾಗೆ ತಲೆ ತಿರುಗಿಸಿ ಕೂತಿತ್ತು. ಲಿಂಡಾಳ ಗಂಡ ಕೆಮ್ಮಿದ.

ಜಾಯ್ಸ್ ಹತ್ತಿರ ಬಂದು ವೈಸಿನ ಹಿಡಿಯನ್ನು ಒಂದು ಸುತ್ತು ತಿರುಗಿಸಿ ನೋಡಿದರು.

"ಸರಿಯಾಗಿದೆ," ಎಂದರು. "ಕೀತ್ ಹಾಕಿದ್ದೂ ಹೀಗೇ, ಸ್ವಲ್ಪ ಓರೆಯಾಗಿಯೇ ಇತ್ತು."

ಒಂದು ಬೇಸಿಗೆಯುದ್ದಕ್ಕೂ ಆ ವೈಸಿಗೆ ಮಟ್ಟಗೋಲು ಇಟ್ಟು, ಬೆಂಚಿನ ಅಂಚಿನಿಂದ ಅಳೆದವನು ನಾನು. ಅದು ಕೀತ್ ಅವರ ಬೆಂಚಿನ ಮೇಲೆ ಕೂದಲೆಳೆಯಷ್ಟೂ ಓರೆ ಇರಲಿಲ್ಲ. ನಾನು ಸ್ಪ್ಯಾನರನ್ನು ಕೆಳಗಿಟ್ಟು, "ಹೌದು, ಹೀಗೇ ಇತ್ತು," ಎಂದೆ.